ವಿಳಾಸ ಅಪೂರ್ಣ

ವಿಶಿನೆಶ್ಟಿ, ಓರ್ಹೇಯ್ ಜಿಲ್ಲೆ
ಬುಧವಾರ, ೮ ಮೇ ೨೦೨೪

ಪ್ರೀತಿಯ ಲ್ಯೂಬಾ,

ಕ್ರಿಸ್ತ ಎದ್ದಿದ್ದಾನೆ. ಪುನರುತ್ಥಾನದ ಹಬ್ಬ ಮುಗಿದು ಮೂರು ದಿನವಾದರೂ ನಲವತ್ತು ದಿನ ಹೀಗೆಯೇ ಹೇಳಬೇಕಲ್ಲ, ಆದ್ದರಿಂದ ಹೇಳಿದೆ. ನಿನ್ನ ಸೊಂಟ ಹೇಗಿದೆ? ಎಡಗಡೆಯ ನೋವು ಬಲಗಡೆಗೆ ಹೋಗಿದೆ ಎಂದು ಹೋದ ವಾರ ಹೇಳಿದೆ. ಅದು ಅಲ್ಲಿಂದಲೂ ಹೊರಟು ಪಾದುವಾ ಊರನ್ನೇ ಬಿಟ್ಟು ಹೋಗಲಿ ಎಂದು ನಾನು ಹಾರೈಸುತ್ತೇನೆ. ಸಿನ್ಯೋರಾ ಎಲ್ಡಾ ಆರೋಗ್ಯವೇ? ಈಗಲೂ ನಿನ್ನನ್ನು ತನ್ನ ತಂಗಿ ಎಂದು ತಿಳಿದು, ಎಪ್ಪತ್ತು ವರ್ಷದ ಹಿಂದೆ ಕದ್ದ ಓಲೆಗಾಗಿ ಬೈಯುತ್ತಾಳೆಯೆ? ಬೈಯಲಿ ಬಿಡು. ತೊಂಬತ್ತೊಂದರ ವಯಸ್ಸಿನಲ್ಲಿ ಬೈಯುವ ಶಕ್ತಿ ಇರುವುದು ನಿನ್ನ ಆರೈಕೆಯ ಫಲ. ಅವಳನ್ನು ಎತ್ತುವಾಗ ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ. ಇದನ್ನು ನಾನು ಹೇಳುತ್ತಿಲ್ಲ, ನಿನ್ನ ಅಮ್ಮ ಹೇಳುತ್ತಿದ್ದಾಳೆ. ಮನೆ ಬೆಚ್ಚಗಿಡುವ ಇಟ್ಟಿಗೆ ಒಲೆಯ ಮೇಲಿನ ಹಾಸಿಗೆಯಲ್ಲಿ ಮಲಗಿಕೊಂಡು, ನಾನು ಏನು ಬರೆಯುತ್ತಿದ್ದೇನೆಂದು ಕಾಣದೆ, ಅಂದಾಜಿನಲ್ಲೇ ತಿದ್ದುತ್ತಿದ್ದಾಳೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮ, ನನ್ನ ಅತ್ತೆ ಅಗಾಫಿಯಾ, ನನ್ನನ್ನು ದಿನಕ್ಕೆ ಮೂರು ಹೊತ್ತು ಬೈಯುವಷ್ಟು ಚೆನ್ನಾಗಿದ್ದಾಳೆ. ಹದಿನಾಲ್ಕು ಕೋಳಿಗಳಲ್ಲಿ ಹನ್ನೆರಡು ಮೊಟ್ಟೆಯಿಡುತ್ತಿವೆ, ಒಂದು ಕಾವು ಕೂತಿದೆ, ಇನ್ನೊಂದರ ಉದ್ದೇಶ ಗೊತ್ತಾಗುತ್ತಿಲ್ಲ. ಬರುವ ಭಾನುವಾರ ಸ್ಮಶಾನದಲ್ಲಿ ಹಿರಿಯರ ಹಬ್ಬವಾದ್ದರಿಂದ ನಿನ್ನ ಅಪ್ಪನ ಶಿಲುಬೆಗೆ ನಿನ್ನೆ ನೀಲಿ ಬಣ್ಣ ಹಚ್ಚಿ ಬಂದೆ. ಶಿಲುಬೆಗಿಂತ ನನ್ನ ಬೂಟಿಗೇ ಹೆಚ್ಚು ಬಣ್ಣ ಬಿದ್ದಿದೆ ಎಂದು ಅತ್ತೆಯ ದೂರು. ನಿನ್ನ ಅಪ್ಪ ಬದುಕಿದ್ದಾಗಲೂ ನನ್ನ ಕೆಲಸದ ಬಗ್ಗೆ ಇದೇ ಅಭಿಪ್ರಾಯ ಇಟ್ಟುಕೊಂಡಿದ್ದರು, ಆದ್ದರಿಂದ ನಾನು ಬೇಸರ ಮಾಡಿಕೊಳ್ಳಲಿಲ್ಲ.

ದಿನಾ ಸಂಜೆ ಏಳಕ್ಕೆ ವಿಡಿಯೋದಲ್ಲಿ ಮಾತಾಡುವ ಗಂಡ ಕಾಗದ ಯಾಕೆ ಬರೆದ ಎಂದು ನೀನು ಕೇಳುತ್ತೀ. ನೋಡು ಲ್ಯೂಬಾ, ಆ ಹೊತ್ತಿನಲ್ಲಿ ನಿನಗೆ ಕಾಣುವುದು ನನ್ನ ಒಂದು ಕಿವಿ ಮತ್ತು ನಿನ್ನ ಅಮ್ಮನ ಅರ್ಧ ಹಣೆ. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ನಾವು "ಕೇಳಿಸ್ತಾ ಇದೆಯಾ?" ಎಂದು ಕೇಳುತ್ತೇವೆ, ಉಳಿದ ಐದು ನಿಮಿಷ ನೀನು "ಕೇಳಿಸ್ತಾ ಇದೆ" ಎನ್ನುತ್ತೀ. ಅಂಥ ಕಡೆ ಗಂಭೀರ ವಿಷಯ ಎತ್ತುವುದು ಹೇಗೆ? ಮೇಲಾಗಿ ನಾನು ಇಪ್ಪತ್ತೇಳು ವರ್ಷದಿಂದ ಈ ಊರಿನ ಪೋಸ್ಟ್‌ಮಾಸ್ಟರ್. ಊರಿನ ಅರ್ಧ ಹೆಂಗಸರು ಇಟಲಿಯಲ್ಲಿದ್ದಾರೆ, ಅವರಿಗೆ ಬಂದ ಕಾಗದ, ಅವರಿಂದ ಬಂದ ಕಾಗದ ಎಲ್ಲವೂ ನನ್ನ ಕೈ ದಾಟಿ ಹೋಗಿವೆ. ನನ್ನ ಹೆಂಡತಿಗೆ ಮಾತ್ರ ನಾನು ಆರು ವರ್ಷದಲ್ಲಿ ಒಂದು ಕಾಗದ ಬರೆದಿಲ್ಲವೆಂದರೆ ಇಲಾಖೆಗೇ ಅವಮಾನ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀನು ಪಾದುವಾದ ಪಾರ್ಕಿನ ಬೆಂಚಿನಲ್ಲಿ ಗೆಳತಿ ಝೀನಾಳ ಜೊತೆ ಕೂತು ಫೋನಿನೊಳಗೆ ಯಾವುದೋ ತೈಲ ಕಂಪನಿಯ ಪಾಲು ಕೊಂಡ ಸಂಗತಿ ನನಗೆ ಗೊತ್ತಿಲ್ಲ. ಇನ್ನೂರೈವತ್ತು ಯೂರೋ ಹಾಕಿದ್ದು ಹತ್ತು ದಿನದಲ್ಲಿ ಆರುನೂರ ಹತ್ತು ಆಗಿದೆಯೆಂದೂ ಗೊತ್ತಿಲ್ಲ. ಮೇ ಹದಿನೈದರೊಳಗೆ ಅದಕ್ಕೆ ನಾಲ್ಕು ಸಾವಿರ ತುಂಬಿಸಬೇಕೆಂದು ಯಾರೋ ಸಲಹೆಗಾರ ದಿನಾ ಸಂಜೆ ಫೋನ್ ಮಾಡುತ್ತಾನೆಂದೂ, ಆ ನಾಲ್ಕು ಸಾವಿರ ನೀನು ಓರ್ಹೇಯ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟು ಮನೆಗೆ ಮರಳಲು ಆರು ವರ್ಷ ಕೂಡಿಸಿದ್ದೆಂದೂ ನನಗೆ ಸುತರಾಂ ಗೊತ್ತಿಲ್ಲ. ಇದನ್ನೆಲ್ಲ ನೀನು ನಿನ್ನ ಅಮ್ಮನಿಗೆ ಗುಟ್ಟಾಗಿ ಹೇಳಿದೆ, ಅವಳು ನನಗೆ ಗುಟ್ಟಾಗಿ ಹೇಳಿದಳು, ನಾನು ಈ ವಿಷಯ ನಿನ್ನ ಹತ್ತಿರ ಎತ್ತುವುದಿಲ್ಲವೆಂದು ದೇವಮಾತೆಯ ಪಟದ ಎದುರು ಮಾತು ಕೊಟ್ಟಿದ್ದೇನೆ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಆದ್ದರಿಂದ ಎತ್ತುತ್ತಿಲ್ಲ. ಈ ಕಾಗದ ಪೂರ್ತಿ ನನ್ನ ಸುದ್ದಿ.

ನನ್ನ ಸುದ್ದಿ ಪೋಸ್ಟರಿನಿಂದ ಶುರುವಾಗುತ್ತದೆ. ಕಳೆದ ಶರತ್ಕಾಲದಲ್ಲಿ ಜಿಲ್ಲೆಯಿಂದ ಪೊಲೀಸ್ ಇನ್‌ಸ್ಪೆಕ್ಟರ್ ಬಂದು, ಫೋನಿನ ಮೋಸ ಗುರುತಿಸುವುದು ಹೇಗೆಂದು ಊರ ಸಭಾಂಗಣದಲ್ಲಿ ಭಾಷಣ ಮಾಡಿ, ಒಂದು ದೊಡ್ಡ ಹಾಳೆ ಕೊಟ್ಟು ಹೋಗಿದ್ದ. ಅವಸರ ಮಾಡುತ್ತಾರೆ, ಗುಟ್ಟಾಗಿಡು ಎನ್ನುತ್ತಾರೆ, ಮೊದಲು ಚಿಲ್ಲರೆ ಕೇಳುತ್ತಾರೆ, ನೀಲಿ ಅಕ್ಷರದ ಕೊಂಡಿ ಒತ್ತಿಸುತ್ತಾರೆ, ಕೋಡ್ ಕೇಳುತ್ತಾರೆ, ಹೀಗೆ ಏನೇನೋ. ಅದನ್ನು ನಾನು ಕೌಂಟರಿನ ಮೇಲೆ ಅಂಟಿಸಿದ್ದಷ್ಟೇ ಅಲ್ಲ, ಪಿಂಚಣಿಗೆ ಬಂದ ಮುದುಕ ಮುದುಕಿಯರಿಂದ ಒಂದೊಂದು ಲಕ್ಷಣ ಬಾಯಿಪಾಠ ಒಪ್ಪಿಸಿಕೊಳ್ಳದೆ ದುಡ್ಡು ಎಣಿಸುತ್ತಿರಲಿಲ್ಲ. ಊರಿನಲ್ಲಿ ನನಗೆ ಪ್ರೊಫೆಸರ್ ಎಂಬ ಹೆಸರೇ ಬಿತ್ತು. ನಿನ್ನ ಅಮ್ಮನೊಬ್ಬಳು ಒಪ್ಪಿಸಲು ನಿರಾಕರಿಸಿದಳು. ಎಲ್ಲರ ಎದುರಿಗೆ, "ನನಗ್ಯಾರಪ್ಪ ಈಗ ಮೋಸ ಮಾಡ್ತಾರೆ? ನೀನು ಹೆಣ್ಣು ಕೇಳೋಕೆ ಬಂದಾಗ ಒಂದ್ಸಲ ಮೋಸ ಹೋದೆ, ಅಷ್ಟೇ ಸಾಕು" ಎಂದು ಪಿಂಚಣಿಯನ್ನು ಕೈಯಿಂದ ಕಸಿದುಕೊಂಡು ಹೋದಳು. ಇಂಥ ಪ್ರೊಫೆಸರನ ಕಥೆ ಮುಂದೆ ಕೇಳು.

ಏಪ್ರಿಲ್ ಇಪ್ಪತ್ತೈದರ ಗುರುವಾರ ಸಾವಾನ ಮಿನಿಬಸ್ಸಿನಲ್ಲಿ ನಿನ್ನ ಹಬ್ಬದ ಪಾರ್ಸೆಲ್ ಹತ್ತಿಸಿದೆವಲ್ಲ: ಕುರಿಹಾಲಿನ ಗಿಣ್ಣು, ಐದು ಲೀಟರ್ ವೈನು, ಅಕ್ರೋಟು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಅತ್ತೆ ಸುಟ್ಟ ಸಿಹಿರೊಟ್ಟಿ. ಸಾವಾನ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಪೆಟ್ಟಿಗೆಯ ಮೇಲೆ "ಲ್ಯೂಬಾ, ಪಾದುವಾ" ಎಂದು ಇದ್ದಿಲಿನಲ್ಲಿ ಗೀಚಿದರೆ ಸಾಕು, ಭಾನುವಾರ ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ನಿಂತು ಹೆಸರು ಕೂಗಿ ಕೊಡುತ್ತಾನೆ. ನನಗೆ ಈ ಪದ್ಧತಿ ಸಹಿಸಲಾಗದು. ಹೆಂಡತಿಯ ಪಾರ್ಸೆಲ್ ನನ್ನ ಅಂಚೆಯನ್ನು ಬಿಟ್ಟು ಕುಡುಕರ ಚೀಲಗಳ ನಡುವೆ ಹೋಗುತ್ತದೆ ಎಂಬ ನೋವಿಗೆ, ಪ್ರತಿ ಸಲವೂ ಪೆಟ್ಟಿಗೆಯ ನಾಲ್ಕು ಮಗ್ಗುಲಿಗೂ ಪೂರ್ಣ ವಿಳಾಸ ಬರೆಯುತ್ತೇನೆ: ಬೀದಿ, ಮನೆ ಸಂಖ್ಯೆ, ಮಹಡಿ, ಪಿನ್ ಸಂಖ್ಯೆ, ದೇಶ. ಸೌತೆಕಾಯಿಯ ಡಬ್ಬದ ಮುಚ್ಚಳದ ಮೇಲೂ ಬರೆದಿದ್ದೆ, ನೀನು ನೋಡಿರಬಹುದು.

ಶನಿವಾರ ಮಧ್ಯಾಹ್ನ, ಸಾವಾ ಎಲ್ಲೋ ಹಂಗೇರಿಯಲ್ಲಿದ್ದಾಗ, ನನ್ನ ಫೋನಿಗೆ ಒಂದು ಸಂದೇಶ ಬಂತು. "ಗೌರವಾನ್ವಿತ ಗ್ರಾಹಕರೇ, ವಿಳಾಸ ಅಪೂರ್ಣವಾಗಿರುವುದರಿಂದ ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ. ಹನ್ನೆರಡು ತಾಸಿನೊಳಗೆ ಹನ್ನೆರಡು ಲೆಯಿ ಪಾವತಿಸಿ ವಿಳಾಸ ಸರಿಪಡಿಸಿಕೊಳ್ಳಿ." ಕೆಳಗೆ ನೀಲಿ ಅಕ್ಷರ. ಲ್ಯೂಬಾ, ಪೋಸ್ಟರಿನಲ್ಲಿದ್ದ ಅವಸರ ಇದರಲ್ಲಿತ್ತು, ಚಿಲ್ಲರೆ ಇತ್ತು, ಕೊಂಡಿ ಇತ್ತು, ಗುರುತಿಲ್ಲದ ನಂಬರ್ ಇತ್ತು. ನನಗೆ ಅದ್ಯಾವುದೂ ಕಾಣಲಿಲ್ಲ. ಕಂಡದ್ದು ಒಂದೇ ಪದ. ಅಪೂರ್ಣ. ಯಾರ ವಿಳಾಸ? ನನ್ನ ವಿಳಾಸ. "ಹಲ್ಲು ಹೋದ ತೋಮನ ಎರಡನೇ ಸೊಸೆಗೆ" ಎಂದಷ್ಟೇ ಬರೆದ ಕಾಗದವನ್ನು ಮಾಸ್ಕೋದಿಂದ ಬಂದ ದಿನವೇ ಸರಿಯಾದ ಸೊಸೆಗೆ ಮುಟ್ಟಿಸಿದವನು ನಾನು. ಮನೆ ಸಂಖ್ಯೆ ಇಲ್ಲವೆಂದು ಮಂತ್ರಿಯ ಶುಭಾಶಯ ಪತ್ರವನ್ನು ವಾಪಸು ಕಳಿಸಿದವನು ನಾನು. ಬೇರೆಯವರಿಗೆ "ನಿಮಗೆ ಬಹುಮಾನ ಬಂದಿದೆ" ಎಂದರೆ ಆಸೆಯಾಗುತ್ತದೆ, ಸಾಲ ಬಾಕಿ ಎಂದರೆ ಭಯವಾಗುತ್ತದೆ. ನನ್ನನ್ನು ಹಿಡಿಯಲು ಆ ಎರಡೂ ಬೇಕಾಗಲಿಲ್ಲ. "ನೀನು ವಿಳಾಸ ಸರಿಯಾಗಿ ಬರೆದಿಲ್ಲ" ಎಂದರೆ ಸಾಕಾಯಿತು.

ಅತ್ತೆ ಅಂಗಳದಲ್ಲಿ ಈರುಳ್ಳಿ ನೆಡುತ್ತಿದ್ದಳು. ನಾನು ಸಂದೇಶವನ್ನು ಗಟ್ಟಿಯಾಗಿ ಓದಿದೆ. ಅವಳು ತಲೆ ಎತ್ತದೆ, "ಯಾವ ವಿಳಾಸನಯ್ಯಾ? ಸಾವಾನ ಹತ್ರ ವಿಳಾಸ ಎಲ್ಲಿದೆ? ಅವನ ಹತ್ರ ಇರೋದು ಒಂದು ಪಾರ್ಕಿಂಗು" ಎಂದಳು. ನೀನೇ ಹೇಳು, ಇಡೀ ಪೊಲೀಸ್ ಇಲಾಖೆಯ ಪೋಸ್ಟರಿನಲ್ಲಿ ಇಲ್ಲದ ಬುದ್ಧಿ ಆ ಒಂದು ಮಾತಿನಲ್ಲಿತ್ತು. ನಮ್ಮ ಪಾರ್ಸೆಲ್ ಅಂಚೆಯಲ್ಲಿ ಹೋಗಿಯೇ ಇಲ್ಲ. ಅಂಚೆಯವರು ಅದನ್ನು ತಡೆಹಿಡಿಯುವುದು ಎಲ್ಲಿಂದ ಬಂತು? ಊರಿನ ಅಂಚೆಯವನನ್ನು ಬಿಟ್ಟು ಉಳಿದ ಎಲ್ಲರಿಗೂ ಇದು ಅರ್ಥವಾಗುತ್ತಿತ್ತು. ನಾನು ಅವಳಿಗೆ "ನಿಮಗೆ ಅಂತಾರಾಷ್ಟ್ರೀಯ ನಿಯಮ ಗೊತ್ತಿಲ್ಲ ಅತ್ತೆ" ಎಂದು ಹೇಳಿ ಒಳಗೆ ಹೋಗಿ ಕೊಂಡಿ ಒತ್ತಿದೆ.

ತೆರೆದ ಪುಟ ನಮ್ಮ ಇಲಾಖೆಯದರಂತೆಯೇ ಇತ್ತು, ಅದೇ ಬಣ್ಣ, ಅದೇ ತುತ್ತೂರಿಯ ಚಿಹ್ನೆ. ಮೇಲಿನ ಸಾಲಿನ ವೆಬ್ ವಿಳಾಸದಲ್ಲಿ ಇಲಾಖೆಯ ಹೆಸರಿನ ಬಾಲಕ್ಕೆ ಒಂದು ಗೆರೆ, ಅದರಾಚೆ ಯಾವುದೋ ಊರಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೆ ಕಾಗದ ಹಿಂದಿರುಗಿಸುವ ನಾನು, ಆ ವಿಳಾಸ ಓದಲಿಲ್ಲ. ಬಿಟ್ಟ ಜಾಗದಲ್ಲಿ ನನ್ನ ಹೆಸರು, ಊರು, ನಿನ್ನ ಪಾದುವಾ ವಿಳಾಸವನ್ನು ಮಹಡಿ ಸಮೇತ ತುಂಬಿದೆ. ಎಂಥ ತೃಪ್ತಿ. ಆಮೇಲೆ ಕಾರ್ಡಿನ ಸಂಖ್ಯೆ ಕೇಳಿತು, ತುಂಬಿದೆ. ಕಾರ್ಡಿನ ಬೆನ್ನ ಮೇಲಿನ ಮೂರು ಅಂಕಿ ಕೇಳಿತು, ಅದನ್ನೂ ಅಷ್ಟೇ ಅಚ್ಚುಕಟ್ಟಾಗಿ ತುಂಬಿದೆ. ಹನ್ನೆರಡು ಲೆಯಿ ಹೋಯಿತು. ಮರುದಿನ ಭಾನುವಾರ ನೀನು ಫೋನ್ ಮಾಡಿ "ಪಾರ್ಸೆಲ್ ಬಂತು" ಎಂದಾಗ, ನನ್ನ ಹನ್ನೆರಡು ಲೆಯಿಯಿಂದಲೇ ಬಂತೆಂದು ಅತ್ತೆಯ ಮುಂದೆ ಎದೆ ಉಬ್ಬಿಸಿ ಓಡಾಡಿದೆ. ಅದೇ ಹೊತ್ತಿಗೆ ಸಾವಾ ಕೂಡ ಫೋನ್ ಮಾಡಿದ. "ಏಯ್ ಪೋಸ್ಟು, ನಿಮ್ಮತ್ತೆ ಸೌತೆಕಾಯಿ ನೀರು ನನ್ನ ಸೀಟೆಲ್ಲಾ ಕುಡಿದುಬಿಟ್ಟಿದೆ ಕಣೋ. ಇನ್ನೊಂದ್ಸಲ ಹಿಂಗೆ ಕಟ್ಟಿದ್ರೆ ಹಂಗೇರಿಲೇ ಬಿಸಾಕ್ತೀನಿ, ಹೋಗಿ ಎತ್ಕೊಂಡ್ ಬಾ" ಎಂದ. ಆಗಲಾದರೂ ನನಗೆ ಹೊಳೆಯಬೇಕಿತ್ತು. ನಮ್ಮ ಪಾರ್ಸೆಲ್ ಸುದ್ದಿ ಹೇಳುವ ಧ್ವನಿ ಹೀಗಿರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಸಾವಾ ಯಾರನ್ನೂ ಗೌರವಾನ್ವಿತ ಎಂದು ಕರೆದದ್ದಿಲ್ಲ. ಈ ದೇಶದಲ್ಲಿ ನಮ್ಮನ್ನು ಬಲ್ಲವರು ಯಾರೂ ನಮಗೆ ಅಷ್ಟು ಗೌರವ ಕೊಡುವುದಿಲ್ಲ ಲ್ಯೂಬಾ. ಕೊಟ್ಟರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಆದ್ರಿಯಾನ್ ಎಂಬುವನು ಫೋನ್ ಮಾಡಿದ. ಬ್ಯಾಂಕಿನ ಭದ್ರತಾ ವಿಭಾಗವಂತೆ. ಬೆಣ್ಣೆ ಸವರಿದ ಧ್ವನಿ. ಹಿಂದೆ ಬೇರೆ ಬೇರೆ ಜನ ಫೋನಿನಲ್ಲಿ ಮಾತಾಡುವ ಸದ್ದು, ನಿಜವಾದ ಆಫೀಸಿನಂತೆಯೇ. ನನ್ನ ಹೆಸರು ಹೇಳಿದ, ಊರು ಹೇಳಿದ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿದ. ಇಷ್ಟೆಲ್ಲ ಗೊತ್ತಿರಬೇಕಾದರೆ ಬ್ಯಾಂಕಿನವನೇ ಎಂದು ನಂಬಿದೆ. ಇಷ್ಟೆಲ್ಲವನ್ನೂ ಎರಡು ದಿನದ ಹಿಂದೆ ನಾನೇ ತುಂಬಿ ಕೊಟ್ಟಿದ್ದೆನೆಂಬುದು ತಲೆಗೆ ಬರಲಿಲ್ಲ. ಯಾರೋ ಕಳ್ಳ ನನ್ನ ಕಾರ್ಡಿನಿಂದ ಹಣ ತೆಗೆಯಲು ಹೊಂಚು ಹಾಕಿದ್ದಾನೆ, ಈ ಗಂಟೆಯೊಳಗೆ ಇರುವುದನ್ನೆಲ್ಲ ಸುರಕ್ಷಿತ ಖಾತೆಗೆ ಸಾಗಿಸಬೇಕು ಎಂದ. ಆ ಕಾರ್ಡಿನಲ್ಲಿ ಏನಿತ್ತು ಎಂದು ನಿನಗೆ ಗೊತ್ತು. ಚಳಿಗಾಲದೊಳಗೆ ಒಲೆ ಕೆಡವಿ ಹೊಸದಾಗಿ ಕಟ್ಟಿಸಲು ನೀನು ತಿಂಗಳು ತಿಂಗಳು ಕಳಿಸಿದ್ದರಲ್ಲಿ ಎತ್ತಿಟ್ಟ ಹದಿನಾಲ್ಕು ಸಾವಿರ ಲೆಯಿ. ಆದ್ರಿಯಾನ್ ಇನ್ನೊಂದು ಮಾತು ಹೇಳಿದ: "ನಿಮ್ಮ ಶಾಖೆಯವರ ಮೇಲೇ ಅನುಮಾನ ಇದೆ ಸಾರ್. ಯಾರಿಗೂ ಹೇಳ್ಬೇಡಿ. ಮನೆಯವರಿಗೂ ಬೇಡ. ಯಾರೂ ಇಲ್ಲದ ಕಡೆ ಹೋಗಿ ನಿಂತ್ಕೊಳ್ಳಿ."

ಯಾರೂ ಇಲ್ಲದ ಕಡೆ ಎಂದರೆ ನಮ್ಮ ಮನೆಯಲ್ಲಿ ವೈನಿನ ನೆಲಮಾಳಿಗೆ. ನಾನು ಅಂಗಳ ದಾಟಿ, ಬಾಗಿಲು ತೆಗೆದು, ಸಿಗ್ನಲ್ ಸಿಗುವ ನಾಲ್ಕನೇ ಮೆಟ್ಟಿಲಲ್ಲಿ ನಿಂತೆ. ಅಲ್ಲಿ ನಾನು ಮಾಡಿದ ತಪ್ಪು ಆದ್ರಿಯಾನ್‌ಗೂ ಗೊತ್ತಾಗಲು ಸಾಧ್ಯವಿರಲಿಲ್ಲ. ಕೈಯಲ್ಲಿ ಜಗ್ ಇರಲಿಲ್ಲ. ಈ ಊರಲ್ಲಿ ಗಂಡಸು ನೆಲಮಾಳಿಗೆಗೆ ಇಳಿಯುವುದು ಜಗ್ ಹಿಡಿದುಕೊಂಡು, ಮುಖದಲ್ಲಿ ಸ್ವಲ್ಪ ಸಂತೋಷ ಇಟ್ಟುಕೊಂಡು. ನಾನು ಬರಿಗೈಯಲ್ಲಿ, ಶವಸಂಸ್ಕಾರಕ್ಕೆ ಹೊರಟವನ ಮುಖದಲ್ಲಿ ಇಳಿದದ್ದನ್ನು ನಿನ್ನ ಅಮ್ಮ ಈರುಳ್ಳಿ ಪಾತಿಯಿಂದ ನೋಡಿದಳು. ಆಮೇಲೆ ಅವಳೇ ಹೇಳಿದ್ದು: "ನಾನು ಅಂದ್ಕೊಂಡೆ, ಒಂದೋ ಪೀಪಾಯಿ ಸೋರ್ತಿದೆ, ಇಲ್ಲಾ ನಮ್ಮ ಪ್ರೊಫೆಸರ್ ತಲೆ ಸೋರ್ತಿದೆ. ಎರಡರಲ್ಲಿ ಯಾವುದೇ ಆದ್ರೂ ಹೋಗಿ ನೋಡ್ಬೇಕಲ್ಲ."

ಅವಳು ಮೆಟ್ಟಿಲ ತುದಿಯಲ್ಲಿ ಬಂದು ನಿಂತಾಗ ಆದ್ರಿಯಾನ್ ಕೋಡಿನ ಮಾತಾಡುತ್ತಿದ್ದ. ಅವಳು ಏನೂ ಕೇಳದೆ ಮಣ್ಣುಗೈಯಲ್ಲೇ ಫೋನ್ ಕಿತ್ತುಕೊಂಡು, ಊರಿಗೆ ಹೊಸಬರು ಬಂದಾಗ ಕೇಳುವುದನ್ನೇ ಅವನಿಗೂ ಕೇಳಿದಳು. "ಯಾರ ಮಗನಪ್ಪಾ ನೀನು?" ಅವನು, "ಅಮ್ಮಾ, ನಾನು ಭದ್ರತಾ ವಿಭಾಗದಿಂದ ಮಾತಾಡ್ತಿದೀನಿ" ಎಂದ. "ವಿಭಾಗ ಇರ್ಲಿ. ಯಾವೂರು? ಅಪ್ಪನ ಹೆಸರೇನು?" "ಇದು ಗೋಪ್ಯ ಕರೆ ಅಮ್ಮಾ, ದಯವಿಟ್ಟು ಫೋನನ್ನ ತುದೋಸೆ ಅವರಿಗೆ ಕೊಡಿ." "ಅಪ್ಪನ ಹೆಸರೂ ಗೋಪ್ಯನಾ? ಅಯ್ಯೋ ಪಾಪ. ನಿಮ್ಮಮ್ಮನಿಗಾದ್ರೂ ಗೊತ್ತಿದೆಯಾ?" ಅತ್ತೆ ಅಷ್ಟಕ್ಕೆ ಬಿಡಲಿಲ್ಲ. "ಊಟ ಮಾಡ್ದಾ? ಇದು ಉಪವಾಸದ ವಾರ, ಬೆಣ್ಣೆ ಜಾಸ್ತಿ ತಿಂದಿರೋ ಹಾಗಿದೆ ಗಂಟ್ಲು." ಅವನು ಫೋನ್ ಇಟ್ಟುಬಿಟ್ಟ. ಬೆಣ್ಣೆ ಸವರಿದಂತಿದ್ದ ಮನುಷ್ಯ ಇಡುವ ಮುಂಚೆ ಒಂದು ಕೆಟ್ಟ ಮಾತು ಆಡಿದ, ಅದನ್ನು ಬರೆಯುವುದಿಲ್ಲ. ಆ ಒಂದು ಮಾತಿನಲ್ಲಿ ಮಾತ್ರ ಅವನು ನಮ್ಮ ಕಡೆಯವನಂತೆ ಕೇಳಿಸಿದ.

ಹಾಗೆ ಒಲೆಯ ಹಣ ಉಳಿಯಿತು. ಹೋದದ್ದು ಹನ್ನೆರಡು ಲೆಯಿ ಮತ್ತು ನನ್ನ ಪ್ರೊಫೆಸರ್ ಪಟ್ಟ. ಮರುದಿನ ಓರ್ಹೇಯ್‌ಗೆ ಹೋಗಿ ಬ್ಯಾಂಕಿನಲ್ಲಿ ಕಾರ್ಡ್ ಮುಚ್ಚಿಸಿದೆ. ಕಿಟಕಿಯ ಹುಡುಗಿಗೆ ನನ್ನ ಕಥೆ ಕೇಳಿ ಆಶ್ಚರ್ಯವೇ ಆಗಲಿಲ್ಲ. "ನಾವು ಯಾವತ್ತೂ ಫೋನ್ ಮಾಡಿ ಕೋಡ್ ಕೇಳಲ್ಲ ಅಂಕಲ್, ಸುರಕ್ಷಿತ ಖಾತೆ ಅನ್ನೋದು ನಮ್ಮಲ್ಲಿ ಇಲ್ವೇ ಇಲ್ಲ. ನಿಮ್ಮ ಹಣ ಇರೋ ಖಾತೆನೇ ಸುರಕ್ಷಿತ ಖಾತೆ" ಎಂದು, ಬೆಳಿಗ್ಗೆಯಿಂದ ನಾಲ್ಕನೇ ಸಲ ಹೇಳುವವಳ ದಣಿವಿನಲ್ಲಿ ಹೇಳಿದಳು. ಸಾಲಿನಲ್ಲಿ ನನ್ನ ಮುಂದೆ ಒಬ್ಬ ದನದ ಡಾಕ್ಟರು, ಒಬ್ಬ ನಿವೃತ್ತ ಗಣಿತ ಮೇಷ್ಟ್ರು ಇದ್ದರು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ, ನಾನು ಮೇಷ್ಟ್ರ ಕಡೆ ನೋಡಲಿಲ್ಲ. ಅಲ್ಲಿಂದ ಪೊಲೀಸ್ ಠಾಣೆಗೆ ಹೋದೆ. ಅದೇ ಇನ್‌ಸ್ಪೆಕ್ಟರ್ ದೂರು ಬರೆದುಕೊಂಡು, ನನ್ನ ಗುರುತು ಸಿಗದೆ, ಅದೇ ಪೋಸ್ಟರನ್ನು ಇನ್ನೊಂದು ಕೊಟ್ಟ. ಈಗ ಕೌಂಟರಿನ ಮೇಲೆ ಎರಡು ಪೋಸ್ಟರ್ ಇವೆ. ಒಂದು ಊರಿಗೆ, ಒಂದು ನನಗೆ.

ಇನ್ನು ನಾನು ಎತ್ತುವುದಿಲ್ಲವೆಂದ ಆ ವಿಷಯ. ಅದನ್ನು ಎತ್ತುತ್ತಿಲ್ಲ. ಆದರೆ ಎಲ್ಲಾದರೂ ಒಬ್ಬ ಹೆಂಗಸು ಇದ್ದಾಳೆ ಎಂದುಕೊಳ್ಳೋಣ, ನಿನ್ನ ಹೆಸರಿನವಳಲ್ಲ, ನಿನ್ನಷ್ಟು ಚೆಲುವೆಯೂ ಅಲ್ಲ. ಅವಳ ಫೋನಿನ ಪರದೆಯಲ್ಲಿ ಇನ್ನೂರೈವತ್ತು ಆರುನೂರ ಹತ್ತಾಗಿದೆ. ಆ ಹೆಂಗಸು ಸಲಹೆಗಾರನಿಗೆ, ನಾಲ್ಕು ಸಾವಿರ ಆಮೇಲೆ ನೋಡೋಣ, ಮೊದಲು ಆ ಆರುನೂರ ಹತ್ತನ್ನೂ ಇವತ್ತೇ ವಾಪಸು ಕೊಡು ಎಂದು ಕೇಳಲಿ. ಐವತ್ತು ಅರವತ್ತು ಕೊಟ್ಟಾನು, ಅದು ಗಾಳದ ತುದಿಯ ಹುಳು. ಪೂರ್ತಿ ಕೇಳಿದರೆ, ಮೊದಲು ತೆರಿಗೆ ಕಟ್ಟಿ ಎನ್ನುತ್ತಾನೆ, ಕಮಿಷನ್ ಕಟ್ಟಿ ಎನ್ನುತ್ತಾನೆ, ಈಗ ತೆಗೆದರೆ ನಷ್ಟ ಎಂದು ನೊಂದುಕೊಳ್ಳುತ್ತಾನೆ. ನಿನ್ನ ದುಡ್ಡು ನಿನಗೆ ಕೊಡಲು ನಿನ್ನಿಂದಲೇ ದುಡ್ಡು ಕೇಳುವವನ ಹತ್ತಿರ ನಿನ್ನ ದುಡ್ಡು ಇಲ್ಲ. ಪರದೆಯ ಮೇಲೆ ಏರುತ್ತಿರುವುದು ಅಂಕಿಯ ಚಿತ್ರ. ನಷ್ಟವೇ ಇಲ್ಲದ ಲಾಭ ಎಂದು ಅವನು ಭರವಸೆ ಕೊಟ್ಟಿದ್ದರೆ, ಈ ಊರಿನ ಯಾವ ದ್ರಾಕ್ಷಿ ತೋಟವೂ ನಿನ್ನ ಅಪ್ಪನಿಗೆ ಒಂದು ವರ್ಷವೂ ಅಂಥ ಭರವಸೆ ಕೊಡಲಿಲ್ಲ ಎಂದು ಆ ಹೆಂಗಸು ನೆನಪು ಮಾಡಿಕೊಳ್ಳಲಿ. ಝೀನಾಳ ಮೇಲೆ ಸಿಟ್ಟಾಗುವುದೂ ಬೇಡ. ಅವಳು ಮೋಸಗಾತಿಯಲ್ಲ, ನಿನಗಿಂತ ಎರಡು ವಾರ ಮುಂಚೆ ಆ ಬೆಂಚಿನ ಮೇಲೆ ಕೂತವಳು, ಅಷ್ಟೇ. ಅವಳಿಗೂ ಇದನ್ನು ಓದಿ ಹೇಳು. ಅಂದರೆ, ಆ ಹೆಂಗಸು ಓದಿ ಹೇಳಲಿ.

ಆ ಸಲಹೆಗಾರ "ಗಂಡನಿಗೆ ಹೇಳ್ಬೇಡಿ, ಗಂಡಸರು ಲಾಭಕ್ಕೆ ಹೆದರ್ತಾರೆ" ಎಂದಿದ್ದಾನಂತೆ. ಅತ್ತೆ ಇದನ್ನು ಹೇಳಿದಾಗ ನನಗೆ ನಗು ಬಂತು, ಆಮೇಲೆ ನಿಂತುಹೋಯಿತು. ನನಗೆ ಒಬ್ಬ ಅತ್ತೆಗೆ ಹೇಳಬೇಡ ಎಂದ, ನಿನಗೆ ಒಬ್ಬ ಗಂಡನಿಗೆ ಹೇಳಬೇಡ ಎಂದ. ಇಬ್ಬರಿಗೂ ನಮ್ಮ ಮನೆಯ ವಿಚಾರ ಚೆನ್ನಾಗಿ ಗೊತ್ತಿದ್ದಂತಿದೆ. ನಮ್ಮಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರೆ ಅವರ ಅಂಗಡಿ ಅಲ್ಲಿಗೇ ಮುಚ್ಚುತ್ತದೆ.

ನಿನ್ನ ಅಮ್ಮ ನಿನಗೆ ಮೂರು ಮುತ್ತು ಕಳಿಸಿದ್ದಾಳೆ, ಒಂದನ್ನು ಸಿನ್ಯೋರಾಗೆ ಕೊಡಬೇಕಂತೆ. ಈ ಸಲದ ಡಬ್ಬಿಯಲ್ಲಿ ಹುಳಿ ಚೆರ್ರಿಯ ಜಾಮ್ ಇದೆ, ಸೋರದಂತೆ ಮೇಣ ಸುರಿದು ಮುಚ್ಚಿದ್ದೇನೆ, ಸಾವಾನ ಸೀಟು ಒಣಗಿದ ಹಾಗೇ ತಲುಪಲಿ. ದೇವಮಾತೆ ನಿನ್ನ ಸೊಂಟವನ್ನೂ, ನಿನ್ನ ನಿದ್ದೆಯನ್ನೂ, ನಿನ್ನ ಕೈಕೆಲಸವನ್ನೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಸದಾ ನಿನ್ನವನು,
ತುದೋಸೆ
ವಿಶಿನೆಶ್ಟಿಯ ಪೋಸ್ಟ್‌ಮಾಸ್ಟರ್, ಪಟ್ಟ ಕಳೆದುಕೊಂಡ ಪ್ರೊಫೆಸರ್

ಗುರುವಾರ ಬೆಳಿಗ್ಗೆ. ಸಾವಾ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಇದೆ. ನಿನ್ನ ಅಮ್ಮ ನೆಲಮಾಳಿಗೆಗೆ ಬಂದದ್ದು ನಿಜ, ಅವನ ಅಪ್ಪನ ಹೆಸರು ಕೇಳಿದ್ದೂ ನಿಜ. ಆದರೆ ಅವಳು ಬರುವ ಹೊತ್ತಿಗೆ ನಾನು ಮೊದಲ ಕೋಡ್ ಓದಿ ಆಗಿತ್ತು. ಅವನು ಕೇಳುತ್ತಿದ್ದದ್ದು ಎರಡನೆಯದು, ನನ್ನ ಹೆಸರಲ್ಲಿ ಸಾಲ ತೆಗೆಯಲು. ಅದು ತಪ್ಪಿತು. ಹದಿನಾಲ್ಕು ಸಾವಿರ ಹೋಯಿತು ಲ್ಯೂಬಾ, ಪೂರ್ತಿ. ನೀನು ಇನ್ನೊಬ್ಬರ ತಾಯಿಯನ್ನು ಎತ್ತಿ ಇಳಿಸಿ ಕಳಿಸಿದ ದುಡ್ಡು. ಬ್ಯಾಂಕಿನವರು ಸಿಗುವ ಭರವಸೆ ಕೊಡಲಿಲ್ಲ. ನಿನಗೆ ತಿಳಿಯದಂತೆ ಒಲೆ ಕಟ್ಟಿಸಿಬಿಡೋಣ ಎಂದು ಅತ್ತೆ ತನ್ನ ಶವಸಂಸ್ಕಾರಕ್ಕೆ ಇಟ್ಟಿದ್ದ ಗಂಟನ್ನು ತಂದು ನನ್ನ ಮುಂದೆ ಬಿಚ್ಚಿದಳು. "ಸಾಯೋದನ್ನ ಎರಡು ವರ್ಷ ಮುಂದಕ್ಕೆ ಹಾಕ್ತೀನಿ, ನೀನು ಅವಳಿಗೆ ಹೇಳ್ಬೇಡ" ಎಂದಳು. ನಾನು ತೆಗೆದುಕೊಳ್ಳಲಿಲ್ಲ, ಆದರೆ ತೆಗೆದುಕೊಳ್ಳುವ ಮನಸ್ಸಾಗಿತ್ತು. ಹತ್ತು ದಿನದಿಂದ ನಿನ್ನ ಮುಖ ನೋಡಿಕೊಂಡು ಕೋಳಿಯ ಸುದ್ದಿ ಹೇಳುತ್ತಿದ್ದೇನೆ. ಇವತ್ತು ಲಕೋಟೆಯ ಮೇಲೆ ನಿನ್ನ ಹೆಸರು ಬರೆಯುವಾಗ ಅನ್ನಿಸಿತು, ನನ್ನ ಮನೆಯಲ್ಲಿ ಕೂತ ನನಗೇ ನಿನ್ನೆದುರು ಇಷ್ಟು ನಾಚಿಕೆಯಾದರೆ, ಅಷ್ಟು ದೂರದಲ್ಲಿ ಒಬ್ಬಳೇ ಇರುವ ನಿನಗೆ ನನ್ನೆದುರು ಎಷ್ಟಾಗಬೇಕು. ಆ ನಾಲ್ಕು ಸಾವಿರ ಇನ್ನೂ ನಿನ್ನ ಹತ್ತಿರ ಇದ್ದರೆ ಕಳಿಸಬೇಡ. ಕಳಿಸಿಬಿಟ್ಟಿದ್ದರೆ, ಅದನ್ನು ಬಿಡಿಸಲು ಇನ್ನೊಂದು ಯೂರೋ ಕೂಡ ಕಳಿಸಬೇಡ, ನೀನು ಮಾತ್ರ ಬಾ, ಹೊಲಿಗೆ ಯಂತ್ರ ನಮ್ಮ ಮುಂದಿನ ಕೋಣೆಯಲ್ಲೂ ಹಿಡಿಸುತ್ತದೆ. ಇವತ್ತು ಸಂಜೆ ಏಳಕ್ಕೆ ನೀನು ಎಂದಿನಂತೆ ನಗುತ್ತೀ, ನಾನೂ ಏನೂ ಕೇಳುವುದಿಲ್ಲ. ಭಾನುವಾರ ಇದು ನಿನ್ನ ಕೈ ಸೇರಿದ ಮೇಲೆ ಫೋನ್ ಮಾಡಿ ನಿಜ ಹೇಳು. ಮೊದಲು ಹೇಳುವವರಿಗೇ ಕಷ್ಟ. ಆ ಕೆಲಸ ನಾನು ಮುಗಿಸಿದ್ದೇನೆ.